ಹಗೇವಿನಿಂದ ಏಳುವ ಬಾಳೆಮೂತಿ: ನನ್ನ ಅನುಭವ

ಈ ಸಲದ ಗಣೇಶನ ಹಬ್ಬದಲ್ಲಿ ನನ್ನ ಆಟದ ಪೆಟ್ಟಿಗೆ (ನಾನೇ ಕಟ್ಟಿದ ವಿಡಿಯೊ ಗೇಮ್ ಆಡುವ ಯಂತ್ರ) 9 ದಿನಕ್ಕೆ ಹೆಚ್ಚುಕಡಿಮೆ 9,000 ರೂಪಾಯಿ ದುಡಿಯಿತು. ಆಟವೊಂದಕ್ಕೆ 5 ರೂಪಾಯಿ. ಪೆಟ್ಟಿಗೆ ಇಟ್ಟದ್ದು ದಾವಣಗೆರೆಯಲ್ಲಿ, ಪರಿಚಯದವರೊಬ್ಬರ ಮಂಡಕ್ಕಿ–ಮಿರ್ಚಿ ಅಂಗಡಿಯ ಮಗ್ಗುಲಲ್ಲಿ. ಆಟದಲ್ಲಿರುವ ಶತ್ರುಗಳೆಲ್ಲ ಗಿಡಗಳೇ. ಒಂದೂ ನೆಟ್ಟ ಜಾಗ ಬಿಟ್ಟು ಕದಲುವುದಿಲ್ಲ. ‘ಓಡಾಡದ ಶತ್ರುವಿಗೆ ಯಾವ ಹುಡುಗ ಹೆದರುತ್ತಾನೆ?’ ಎಂಬ ಮಾತನ್ನು ಮೂರು ವರ್ಷ ಕೇಳಿದ್ದೇನೆ. ಬೆಂಗಳೂರಿನಲ್ಲಿ ಆಟ ತಯಾರಿಸುವ ಕೆಲಸದಲ್ಲಿರುವ ಗೆಳೆಯ ಕೇಳಿದ, ಫ್ಲೆಕ್ಸ್ ಅಂಗಡಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವವರು ಕೇಳಿದರು, ಕೊನೆಗೆ ನಮ್ಮ ಮಾವನೂ ಕೇಳಿದರು. ಅವರಿಗೆಲ್ಲ ಉತ್ತರ ಈಗ ನನ್ನ ಕೈಯಲ್ಲಿದೆ. ಟೈಲ್ (ಹಂತ ಕಟ್ಟುವ ಸಣ್ಣ ಚೌಕ), ಸ್ಪ್ರೈಟ್ (ಪಾತ್ರದ ಚಿತ್ರ), ಹಿಟ್‌ಬಾಕ್ಸ್ (ತಾಗಿದರೆ ಪೆಟ್ಟೆಂದು ಎಣಿಸುವ ಜಾಗ) ಇವನ್ನು ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದಿಲ್ಲ. ಆಟ ಕಟ್ಟುವ ತಂತ್ರಾಂಶವಾದ ಗೊಡೊ ಎಂಜಿನ್ ತೆರೆದು ಒಂದು ಹಂತವನ್ನಾದರೂ ಕಟ್ಟಿದವರಿಗಾಗಿ ಬರೆಯುತ್ತಿದ್ದೇನೆ.

ಪ್ರೇರಣೆ ಎಲ್ಲಿಂದ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಪೈಪ್‌ನೊಳಗಿಂದ ಎದ್ದು ಬಾಯಿ ಬಡಿಯುವ ಪಿರಾನಾ ಗಿಡವೇ ಮೂಲ. ಜಪಾನಿನಲ್ಲಿ ಅದರ ಹೆಸರು ಪಕ್ಕುನ್ ಫ್ಲವರ್. ನಾವು ‘ಗಬಕ್ಕನೆ’ ಎನ್ನುವ ಕಡೆ ಅವರು ‘ಪಕ್ಕುನ್’ ಎನ್ನುತ್ತಾರೆ. ಚಿತ್ರದುರ್ಗದಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟ ತುಂಬಿದ ಟಿವಿ ಗೇಮ್‌ನಲ್ಲಿ ಅದನ್ನು ಆಡಿದ್ದೆ. ಸ್ವತಃ ಆಟ ಕಟ್ಟಲು ಕುಳಿತಾಗ ಅದೇ ಹಳೆಯ ಆಟವನ್ನು ಫ್ರೇಮ್ ಫ್ರೇಮ್ ಆಗಿ ನಿಲ್ಲಿಸಿ ನೋಡಿದೆ. ಮೊದಲ ಹಂತದಲ್ಲಿ ಪೈಪ್‌ಗಳಿವೆ, ಗಿಡ ಒಂದೂ ಇಲ್ಲ. ಪೈಪ್ ಎಂದರೆ ಹತ್ತಿ ನಿಲ್ಲಬಹುದಾದ, ಕೆಲವೊಮ್ಮೆ ಒಳಗೆ ಇಳಿಯಲೂಬಹುದಾದ ಒಳ್ಳೆಯ ವಸ್ತು ಎಂದು ಅಲ್ಲಿ ನಂಬಿಸುತ್ತಾರೆ. ಎರಡನೆಯ ಹಂತದಲ್ಲಿ ಅದೇ ಪೈಪ್‌ನಿಂದ ಹಲ್ಲು ಹೊರಬರುತ್ತದೆ. ಆ ಗಿಡದ ತಲೆಯ ಮೇಲೆ ಹಾರಿ ತುಳಿಯಲು ಆಗುವುದಿಲ್ಲ. ಅದನ್ನು ಕೊಲ್ಲಲು ಬೆಂಕಿಯುಂಡೆ ಬೇಕು, ಇಲ್ಲವೇ ನಕ್ಷತ್ರ ಬೇಕು. ಇನ್ನೊಂದು ನಿಯಮವಿದೆ. ಆಟದ ನಾಯಕ ಮಾರಿಯೋ ಪೈಪ್‌ಗೆ ಸುಮಾರು ಎರಡು ಟೈಲ್‌ಗಳಷ್ಟು ಹತ್ತಿರವಿದ್ದರೆ ಗಿಡ ಮೇಲೆ ಏಳುವುದೇ ಇಲ್ಲ. 1986ರಲ್ಲಿ ಜಪಾನಿನಲ್ಲಿ ಬಂದ ಮುಂದಿನ ಭಾಗದಲ್ಲಿ ಮಾತ್ರ, ಪಕ್ಕದಲ್ಲೇ ನಿಂತರೂ ಏಳುವ ಕೆಂಪು ಗಿಡವಿದೆ. ಈ ಎರಡು ಗಿಡಗಳ ನಡುವಿನ ವ್ಯತ್ಯಾಸವೇ ಮುಂದೆ ನನ್ನ ಕೈ ಹಿಡಿಯಿತು. ಅದು ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು.

ಮೊದಲು ಬರೆದ ಚಿತ್ರದಲ್ಲಿ ಕೆಂಪು ತಲೆ, ಬಿಳಿ ಚುಕ್ಕೆ, ದಪ್ಪ ತುಟಿ ಎಲ್ಲವೂ ಇದ್ದವು. ಅದು ಬೇರೆಯವರ ಸೊತ್ತು, ಅದನ್ನಿಟ್ಟುಕೊಂಡು ಐದು ರೂಪಾಯಿ ಕೇಳುವುದು ತಪ್ಪು ಎಂದು ಅಂಗಡಿಯ ಹಿರಿಯರೊಬ್ಬರು ಎಚ್ಚರಿಸಿದರು. ಅಳಿಸಿ ಹಾಕಿದೆ. ಆಮೇಲೆ ಪಾಪಾಸುಕಳ್ಳಿ ಬರೆದೆ. ಮುಳ್ಳಿದ್ದ ಮಾತ್ರಕ್ಕೆ ಬಾಯಿ ಬರುವುದಿಲ್ಲ, ಅದು ಸುಮ್ಮನೆ ನಿಂತ ಬೇಲಿಯಂತೆ ಕಂಡಿತು. ದತ್ತೂರಿ ಕಾಯಿಯೂ ಸರಿಹೋಗಲಿಲ್ಲ. ಒಂದು ದಿನ ಹರಿಹರದ ಕಡೆ ನಂಟರ ತೋಟಕ್ಕೆ ಹೋದಾಗ ಬಾಳೆಗೊನೆಯ ತುದಿಯಲ್ಲಿ ನೇತಾಡುತ್ತಿದ್ದ ಮೂತಿಯನ್ನು ನೋಡಿದೆ. ಹೆಸರಿನಲ್ಲೇ ಮೂತಿ ಇದೆ! ನಾಲ್ಕು ದಿನ ಅಲ್ಲೇ ಉಳಿದು ಬೆಳಗ್ಗೆ ಸಂಜೆ ಚಿತ್ರ ತೆಗೆದೆ. ಕಡುನೇರಳೆ ಎಸಳು ಬುಡದಿಂದ ಸಡಿಲವಾಗಿ, ಮೆಲ್ಲಗೆ ಮೇಲೆದ್ದು, ಹಿಂದಕ್ಕೆ ಸುರುಳಿಯಾಗುತ್ತದೆ. ಅದರ ಕೆಳಗೆ ಕೆನೆಬಣ್ಣದ ಹೂಗಳು ಒತ್ತೊತ್ತಾಗಿ ಸಾಲು ಕೂತಿರುತ್ತವೆ. ಆ ಹೂಗಳೇ ನನಗೆ ಹಲ್ಲಾದವು. ಮೂತಿಯನ್ನು ತಲೆಕೆಳಗು ಮಾಡಿ ಕಾಂಡದ ಮೇಲೆ ನಿಲ್ಲಿಸಿದೆ. 16ಕ್ಕೆ 24 ಪಿಕ್ಸೆಲ್‌ಗಳ ಒಳಗೆ ಆರು ಹಲ್ಲು ಕೂತವು, ಐದು ಚಿತ್ರಗಳಲ್ಲಿ ಎಸಳು ಎದ್ದು ಮುಚ್ಚಿತು. ಹಳೆಯ ಮಾನಿಟರಿನ ಕಪ್ಪು ಹಿನ್ನೆಲೆಯಲ್ಲಿ ನೇರಳೆ ಮುಳುಗಿಹೋಗುತ್ತಿತ್ತು. ಎಸಳಿನ ಅಂಚಿಗೆ ಒಂದೇ ಪಿಕ್ಸೆಲ್ ದಪ್ಪದ ತಿಳಿಹಳದಿ ಗೆರೆ ಎಳೆದ ಮೇಲೆ ಎದ್ದು ಕಂಡಿತು. ಹಗಲೆಲ್ಲ ಫ್ಲೆಕ್ಸ್‌ನಲ್ಲಿ ಶುಭಾಶಯ ಕೋರುವವರ ಮುಖಗಳನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಕೈ ಇದು, ಇಷ್ಟು ಮಾಡಲಾರದೇ?

ಪೈಪ್ ಬೇಡವೆಂದಾಗ ಮತ್ತೇನು? ನನ್ನ ಆಟ ನಡೆಯುವುದು ಏಳು ಸುತ್ತಿನ ಕೋಟೆಯಲ್ಲಿ. ಬಾವಿ, ಕೊಳ, ಬಂಡೆಯ ಸಂದು ಎಲ್ಲವನ್ನೂ ಯೋಚಿಸಿದೆ. ಉತ್ತರ ಸಿಕ್ಕಿದ್ದು ಅಜ್ಜಿಯ ಊರಿನ ನೆನಪಿನಲ್ಲಿ: ಹಗೇವು. ಜೋಳ ತುಂಬಿಡುವ ನೆಲದಡಿಯ ಹಗೇವನ್ನು ನಮ್ಮ ಕಡೆಯ ಹಳಬರೆಲ್ಲ ಬಲ್ಲರು. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮೇಲೊಂದು ಚಪ್ಪಡಿ. ಮುಚ್ಚಳ ತೆಗೆದ ಕೂಡಲೇ ಇಳಿಯಬಾರದು, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು ಎಂದು ಅಜ್ಜಿ ಹೆದರಿಸುತ್ತಿದ್ದಳು. ಆಟಕ್ಕೆ ಬೇಕಿದ್ದುದು ಇದೇ. ಮೊದಲ ಹಂತದಲ್ಲಿ ಹಗೇವಿನ ಚಪ್ಪಡಿ ಹತ್ತಿ ನಿಲ್ಲುವ ಕಟ್ಟೆ, ಒಂದೆರಡರಲ್ಲಿ ಇಳಿದರೆ ಜೋಳದ ರಾಶಿ. ಎರಡನೆಯ ಹಂತದಲ್ಲಿ ಚಪ್ಪಡಿ ಕದಲುತ್ತದೆ.

ಇನ್ನು ಸೋಲುಗಳ ಕಥೆ. ಇದರಲ್ಲಿ ದುಡ್ಡೂ ಹೋಗಿದೆ, ಹಾಗಾಗಿ ವಿವರವಾಗಿಯೇ ಹೇಳುತ್ತೇನೆ.

ಎಲ್ಲರ ಮಾತು ಕೇಳಿ ಮೊದಲು ಗಿಡವನ್ನು ನಡೆಸಿದೆ. ಮಾರಿಯೋ ಸರಣಿಯಲ್ಲೂ ಅಂಥವು ಇವೆ. ಮೂರನೆಯ ಆಟದಲ್ಲಿ ನಡೆದು ಕುಪ್ಪಳಿಸುವ ಪುಟ್ಟ ನಿಪ್ಪರ್ ಗಿಡವಿದೆ, ಮುಳ್ಳುಂಡೆಯನ್ನು ಉಸಿರಿನಿಂದ ಗಾಳಿಯಲ್ಲಿ ತೇಲಿಸುವ ಪಟೂಯಿ ಇದೆ. ನನಗೆ ನಡಿಗೆಯ ಚಿತ್ರ ಬರೆಯಲು ಬರುವುದಿಲ್ಲ. ಅನಿಮೇಷನ್ ಕಲಿಯುತ್ತಿದ್ದ ಹುಡುಗನೊಬ್ಬನಿಗೆ 8,000 ಕೊಟ್ಟೆ. ಚೆನ್ನಾಗಿಯೇ ಬರೆದುಕೊಟ್ಟ. ಆದರೆ ಬಾಳೆಮೂತಿಗೆ ಕಾಲು ಬಂದ ಕ್ಷಣವೇ ಅದು ಗಿಡವಾಗಿ ಉಳಿಯಲಿಲ್ಲ. ಮಕ್ಕಳು ಅದನ್ನು ಆಮೆ, ಏಡಿ, ಇಲಿ ಯಾವುದಾದರೂ ಆಗಬಹುದಾದ ಒಂದು ನಡೆದಾಡುವ ವಸ್ತುವಿನಂತೆ ಹಾರಿ ದಾಟಿದರು. ಯಾರೂ ನಿಂತು ನೋಡಲಿಲ್ಲ. 8,000 ನೀರಿಗೆ ಹೋಯಿತು. ಆ ಚಿತ್ರಗಳು ಇನ್ನೂ ನನ್ನ ಬಳಿ ಇವೆ, ಬಳಸುವುದಿಲ್ಲ.

ಎರಡನೆಯ ಸಲ ಗಿಡವನ್ನು ನೆಟ್ಟ ಕಡೆಯೇ ನಿಲ್ಲಿಸಿ, ಏಳುವ ಹೊತ್ತನ್ನು ಯಾದೃಚ್ಛಿಕವಾಗಿ ಬದಲಾಯಿಸಿದೆ. ಊಹಿಸಲು ಆಗದಿದ್ದರೆ ಭಯ ಹುಟ್ಟುತ್ತದೆ ಎಂಬುದು ಬೆಂಗಳೂರಿನ ಗೆಳೆಯನ ವಾದ. ಭಯ ಹುಟ್ಟಲಿಲ್ಲ, ಸಿಟ್ಟು ಹುಟ್ಟಿತು. ಪಕ್ಕದ ಬೀದಿಯ ಹುಡುಗಿಯೊಬ್ಬಳು ಗುಂಡಿಯಿಂದ ಕೈ ತೆಗೆದು, ‘ಅಂಕಲ್, ಇದು ಮೋಸ’ ಎಂದು ಹೇಳಿ ಎದ್ದುಹೋದಳು. ಅಂದಿನಿಂದ ನನ್ನ ಗಿಡಗಳಲ್ಲಿ ಒಂದೇ ಒಂದು ಯಾದೃಚ್ಛಿಕ ಸಂಖ್ಯೆ ಇಲ್ಲ. ಗಡಿಯಾರದಂತೆ ನಡೆಯುತ್ತವೆ. ಚಪ್ಪಡಿ ಅದುರುವುದು ಸುಮಾರು 24 ಫ್ರೇಮ್, ಏಳುವುದು 20, ಮೇಲೆ ನಿಲ್ಲುವುದು ಒಂದು ಸೆಕೆಂಡಿಗಿಂತ ತುಸು ಹೆಚ್ಚು, ಇಳಿಯುವುದು ಮತ್ತೆ 20. ಸೆಕೆಂಡಿಗೆ 60 ಫ್ರೇಮ್ ಲೆಕ್ಕ. ಹತ್ತಿಪ್ಪತ್ತು ಸಲ ತಿದ್ದಿ ಇಲ್ಲಿಗೆ ಬಂದು ನಿಂತಿದ್ದೇನೆ. ಎರಡು ಹಗೇವುಗಳು ಅಕ್ಕಪಕ್ಕ ಇದ್ದಾಗ ಅವುಗಳ ಗಡಿಯಾರಗಳ ನಡುವೆ ಎಷ್ಟು ಅಂತರ ಇಟ್ಟಿದ್ದೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕಾಗಿ ಒಂದು ಇಡೀ ಬೇಸಿಗೆ ಕಳೆದಿದ್ದೇನೆ. ಆಟದ ರುಚಿಯೆಲ್ಲ ಅಲ್ಲಿದೆ.

2023ರ ಹಬ್ಬಕ್ಕೆ ಮೊದಲ ಪೆಟ್ಟಿಗೆ ಹೊರಗೆ ಬಂತು. ಗಡಿಯಾರ ಸರಿಯಿತ್ತು, ಆದರೆ ಹತ್ತಿರದ ನಿಯಮ ಹಾಕಿರಲಿಲ್ಲ. ಚಪ್ಪಡಿಯ ಮೇಲೆ ನಿಂತವನಿಗೆ ಕೆಳಗಿನಿಂದ ಕಚ್ಚುತ್ತಿತ್ತು. ಎರಡನೆಯ ಹಂತದಲ್ಲಿ ಬಹುತೇಕ ಎಲ್ಲರೂ ಸತ್ತರು, ಮತ್ತೆ ಐದು ರೂಪಾಯಿ ಹಾಕಿದವರು ಹತ್ತರಲ್ಲಿ ಒಬ್ಬರೋ ಇಲ್ಲವೋ. ಸಾಲದ್ದಕ್ಕೆ ಮೂರನೆಯ ದಿನ ರಾತ್ರಿ ಮಳೆ ಬಂದು ಅಗ್ಗದ ಪ್ಲೈವುಡ್ ಉಬ್ಬಿಹೋಯಿತು. ಸುಮಾರು 5,000 ಅಲ್ಲಿಗೆ ಮುಗಿಯಿತು. ನಾಣ್ಯ ಗುರುತಿಸುವ ಯಂತ್ರಕ್ಕೆ 900 ಕೊಟ್ಟಿದ್ದೆ. ಐದು ರೂಪಾಯಿಯ ನಾಣ್ಯಗಳಲ್ಲಿ ದಪ್ಪದ ಬಿಳಿ ಬೇರೆ, ತೆಳುವಾದ ಹಳದಿ ಬೇರೆ, ಈಚಿನವು ಇನ್ನೂ ಬೇರೆ. ಒಂದಕ್ಕೆ ಹೊಂದಿಸಿದರೆ ಇನ್ನೊಂದನ್ನು ಉಗುಳುತ್ತಿತ್ತು. ಈಗ ನಾಣ್ಯವೇ ಇಲ್ಲ. ಅಂಗಡಿಯವರು ಮಿರ್ಚಿಗೆ ಕೊಡುವ ಪ್ಲಾಸ್ಟಿಕ್ ಟೋಕನ್ನಿನ ಜೊತೆ ಆಟದ ಟೋಕನ್ನನ್ನೂ ಕೊಡುತ್ತಾರೆ. ಪೆಟ್ಟಿಗೆ ಮಾಡಬೇಕೆಂದಿರುವವರು ಮೊದಲ ದಿನದಿಂದಲೇ ಟೋಕನ್ ಇಟ್ಟುಕೊಳ್ಳಿ.

ಆಮೇಲೆ ಹತ್ತಿರದ ನಿಯಮವನ್ನು ತಂದೆ. ಎರಡು ಟೈಲ್ ಒಳಗೆ ಬಂದರೆ ಮೂತಿ ಏಳುವುದಿಲ್ಲ. ಈ ಸಲ ಮತ್ತೊಂದು ತೊಂದರೆ. ನಮ್ಮ ಹುಡುಗರು ಚುರುಕು, ಅರ್ಧ ದಿನದಲ್ಲಿ ಗುಟ್ಟು ಹಿಡಿದರು. ಹಗೇವಿನ ಪಕ್ಕಕ್ಕೆ ಅಂಟಿಕೊಂಡು ನಿಂತು, ‘ಮೂತಿ ಮಲಗಿತು’ ಎಂದು ಕೂಗಿ ಆರಾಮವಾಗಿ ದಾಟತೊಡಗಿದರು. ಆಗ 1986ರ ಕೆಂಪು ಗಿಡ ನೆನಪಾಯಿತು. ನೇರಳೆ ಮೂತಿ ನಿಯಮ ಪಾಲಿಸುತ್ತದೆ, ಕೆಂಪು ಮೂತಿ ಪಾಲಿಸುವುದಿಲ್ಲ. ಅದರ ಚಪ್ಪಡಿಯ ಮೇಲೆಯೇ ನಿಂತರೆ ಮಾತ್ರ ಅಡಗಿರುತ್ತದೆ. ಎರಡರ ಚಪ್ಪಡಿಗಳೂ ಒಂದೇ ಬಗೆ. ಕೆಳಗಿರುವುದು ಯಾವುದೆಂದು ತಿಳಿಯಬೇಕಾದರೆ ಚಪ್ಪಡಿ ಅದುರುವುದನ್ನು ಗಮನಿಸಬೇಕು: ನೇರಳೆಯದು ಎರಡು ಸಲ ಅದುರುತ್ತದೆ, ಕೆಂಪಿನದು ಒಂದೇ ಸಲ, ತುಸು ಜೋರಾಗಿ. ಇದನ್ನು ಎಲ್ಲೂ ಬರೆದು ಹೇಳಿಲ್ಲ. ಈ ಒಂದು ಬದಲಾವಣೆಯಿಂದ ಪೆಟ್ಟಿಗೆಯ ಮುಂದೆ ಸಾಲು ನಿಂತಿತು. ಮತ್ತೆ ಟೋಕನ್ ಕೇಳಿದವರು ಹತ್ತರಲ್ಲಿ ನಾಲ್ವರು. ಆಡುವವನ ಹಿಂದೆ ನಿಂತವರು ‘ಒಂದೇ ಸಲ ಅದುರಿತು, ಚಪ್ಪಡಿ ಹತ್ತು’ ಎಂದು ಕೂಗುವುದನ್ನು ಕೇಳಬೇಕು. ನಡೆಯದ, ಯೋಚಿಸದ, ಬೆನ್ನಟ್ಟದ ಗಿಡವೊಂದು ಏಳೆಂಟು ಮಕ್ಕಳನ್ನು ಒಂದು ಕಲ್ಲಿನ ಚಪ್ಪಡಿಯ ಮೇಲೆ ಕಣ್ಣು ನೆಡುವಂತೆ ಮಾಡಿತು. ಬೇರೆಯವರ ಆಟಗಳಲ್ಲಿ ಬುದ್ಧಿವಂತ ಶತ್ರುಗಳನ್ನು ಬೇಕಾದಷ್ಟು ನೋಡಿದ್ದೇನೆ, ಹೀಗೆ ಕಾಯಿಸಿದ್ದನ್ನು ನೋಡಿಲ್ಲ.

ಹಿಟ್‌ಬಾಕ್ಸ್ ಬಗ್ಗೆ ಎರಡು ಮಾತು. ಎಸಳು ಹಿಂದಕ್ಕೆ ಸುರುಳಿಯಾದಾಗ ಅದರ ತುದಿ ತಾಗಿದರೆ ಸಾಯಬಾರದು. ಕಚ್ಚುವುದು ಹಲ್ಲು, ಎಸಳಲ್ಲ. ಒಳಗೆ ಸುಮಾರು 10ಕ್ಕೆ 14ರ ಆಯತ ಮಾತ್ರ ಇಟ್ಟಿದ್ದೇನೆ. ಕಾಂಡಕ್ಕೆ ಇಟ್ಟೇ ಇಲ್ಲ. ‘ಸ್ವಲ್ಪದರಲ್ಲಿ ತಪ್ಪಿದೆ’ ಎಂದು ಆಡುವವನಿಗೆ ಅನ್ನಿಸಬೇಕು, ದಿನಕ್ಕೆ ನೂರು ಸಲ ಅನ್ನಿಸಬೇಕು.

ಚಪ್ಪಡಿಯ ಸದ್ದು ನಮ್ಮ ಮನೆಯ ರುಬ್ಬುಕಲ್ಲಿನದು. ಗುಂಡನ್ನು ಒಣಗಿದ ಕಲ್ಲಿನಲ್ಲಿ ಅರ್ಧ ಸುತ್ತು ಎಳೆದು ಮೊಬೈಲಿನಲ್ಲಿ ಹಿಡಿದೆ, ವೇಗ ಇಳಿಸಿದೆ. ಅದಕ್ಕೆ ಇನ್ನೊಂದು ಸದ್ದನ್ನೂ ಬೆರೆಸಿದ್ದೇನೆ. ಅದು ಯಾವುದೆಂದು ಕೇಳಿದವರಿಗೂ ಹೇಳಿಲ್ಲ. ಸಂಗೀತದ ವಿಷಯದಲ್ಲಿ ಮಾತ್ರ ಕೈ ಸುಟ್ಟುಕೊಂಡೆ. 2023ರಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ ವಂಡರ್‌ನಲ್ಲಿ ಪಿರಾನಾ ಗಿಡಗಳು ಸಾಲಾಗಿ ಹಾಡುವ ಹಂತ ನೋಡಿ ಮನಸೋತು, ನನ್ನ ಮೂತಿಗಳೆಲ್ಲ ಡೊಳ್ಳಿನ ಹೊಡೆತಕ್ಕೆ ಏಳುವಂತೆ ಮಾಡಿದೆ. ವಾದ್ಯಕ್ಕೆ, ಧ್ವನಿಮುದ್ರಣಕ್ಕೆ 6,000 ಖರ್ಚಾಯಿತು. ಮನೆಯಲ್ಲಿ ಆಡಿದರೆ ಮೈ ನವಿರೇಳುತ್ತದೆ. ಪೆಂಡಾಲಿನ ಪಕ್ಕದಲ್ಲಿ ನಿಜವಾದ ಡೊಳ್ಳು, ತಮಟೆ, ಧ್ವನಿವರ್ಧಕಗಳ ನಡುವೆ ಒಂದು ಪೆಟ್ಟೂ ಕೇಳಿಸಲಿಲ್ಲ. ಕಿವಿಯ ಮೇಲೆ ಕಟ್ಟಿದ ಆಟ ಬೀದಿಯಲ್ಲಿ ನಿಲ್ಲುವುದಿಲ್ಲ. ಆ ಹಂತವನ್ನು ತೆಗೆದಿಟ್ಟಿದ್ದೇನೆ, ಮೊಬೈಲ್ ಆವೃತ್ತಿ ಮಾಡಿದರೆ ಬಳಸುತ್ತೇನೆ.

ಇದರ ನಡುವೆ ಬೇರೆ ಬೇರೆ ಗಿಡಗಳ ಹಿಂದೆಯೂ ಬಿದ್ದಿದ್ದೆ. ನಿಜವಾದ ವೀನಸ್ ನೊಣಹಿಡುಕ ಗಿಡದ ಎಲೆಯ ಒಳಗೆ ಸಣ್ಣ ಕೂದಲುಗಳಿವೆ. ಒಂದು ಸಲ ತಾಗಿದರೆ ಅದು ಮುಚ್ಚುವುದಿಲ್ಲ, ಸುಮಾರು 20 ಸೆಕೆಂಡಿನೊಳಗೆ ಎರಡನೆಯ ಸಲ ತಾಗಬೇಕು. ಇದನ್ನು ಓದಿದಾಗ ಬಹಳ ಖುಷಿಯಾಗಿ ಒಂದು ಹಂತವನ್ನೇ ಕಟ್ಟಿದೆ: ಮೊದಲ ಹೆಜ್ಜೆಗೆ ಏನೂ ಆಗುವುದಿಲ್ಲ, ನಾಲ್ಕು ಸೆಕೆಂಡಿನೊಳಗೆ ಎರಡನೆಯ ಹೆಜ್ಜೆ ಇಟ್ಟರೆ ಎಲೆ ಮುಚ್ಚುತ್ತದೆ. ದೊಡ್ಡವರಿಗೆ ಬಹಳ ಹಿಡಿಸಿತು, ಒಬ್ಬ ಜೀವಶಾಸ್ತ್ರದ ಉಪನ್ಯಾಸಕರು ಮೂರು ಟೋಕನ್ ಕೊಂಡು ಆಡಿದರು. ಮಕ್ಕಳಿಗೆ ಅರ್ಥವಾಗಲಿಲ್ಲ, ಮೊದಲ ಹೆಜ್ಜೆಗೆ ಏನೂ ಆಗಲಿಲ್ಲವೆಂದರೆ ಅವರ ಪಾಲಿಗೆ ಅದು ನೆಲ. ತೆಗೆದೆ. ಸೂಪರ್ ಮಾರಿಯೋ 64ರಲ್ಲಿ ಮಲಗಿರುವ ಗಿಡದ ಬಳಿ ಮೆಲ್ಲಗೆ ಹೆಜ್ಜೆ ಇಟ್ಟು ಹೋಗಬೇಕು, ಜೋರಾಗಿ ನಡೆದರೆ ಎಚ್ಚರವಾಗುತ್ತದೆ. ಅದನ್ನೂ ಮಾಡಬೇಕೆಂದಿದ್ದೆ. ಆದರೆ ನನ್ನ ಪೆಟ್ಟಿಗೆಯ ಕೋಲಿಗೆ (ಜಾಯ್‌ಸ್ಟಿಕ್) ಎಡ, ಬಲ ಅಷ್ಟೇ ಗೊತ್ತು. ಮೆಲ್ಲಗೆ ಎಂಬುದು ಗೊತ್ತಿಲ್ಲ. ಅದು ಗೊತ್ತಿರುವ ಕೋಲಿಗೆ ಇನ್ನೂ ಸಾವಿರ ಚಿಲ್ಲರೆ ಬೇಕು, ಮಿರ್ಚಿಯ ಎಣ್ಣೆಗೈಯಲ್ಲಿ ಅದು ಎಷ್ಟು ದಿನ ಬಾಳುತ್ತದೆ ಎಂಬುದೂ ಅನುಮಾನ.

ಈ ಪ್ರಯೋಗಗಳಲ್ಲಿ ಉಳಿದುಕೊಂಡದ್ದು ಮುಟ್ಟಿದರೆ ಮುನಿ ಒಂದೇ. ಅದು ಶತ್ರುವಲ್ಲ. ಗಾಳಿಯಲ್ಲಿ ಚಾಚಿದ ಅದರ ಎಲೆಗಳ ಮೇಲೆ ಹಾರಬಹುದು. ಕಾಲು ತಾಗಿದ ಅರ್ಧ ಸೆಕೆಂಡಿನಲ್ಲಿ ಬುಡದಿಂದ ತುದಿಗೆ ಒಂದೊಂದೇ ಜೋಡಿ ಎಲೆ ಮಡಚಿಕೊಳ್ಳುತ್ತದೆ. ಕೆಳಗೆ ಮೂತಿ ಕಾಯುತ್ತಿರುತ್ತದೆ. ಎರಡೂ ಗಿಡಗಳೇ, ಒಂದು ಬಾಯಿ ತೆರೆಯುತ್ತದೆ, ಇನ್ನೊಂದು ಮುದುಡುತ್ತದೆ. ಮೂರನೆಯ ಹಂತದ ಕೊನೆಯಲ್ಲಿ ಇವೆರಡನ್ನೂ ಕೂಡಿಸಿದ ಕಡೆ ನಾನೇ ಹತ್ತು ಸಲಕ್ಕೆ ಮೂರು ಸಲ ಸಾಯುತ್ತೇನೆ.

ಓಬವ್ವನ ಕಿಂಡಿಯ ಹಂತದ ಬಗ್ಗೆ ಬಹಳ ಜನ ಕೇಳುತ್ತಾರೆ. ದುರ್ಗದವನಾಗಿ ಕೋಟೆಯ ಆಟ ಕಟ್ಟಿ ಆ ಕಿಂಡಿಯನ್ನು ಬಿಡುವುದು ಸಾಧ್ಯವಿರಲಿಲ್ಲ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಆ ಸಂದಿನಿಂದ ತೂರಿ ಬಂದಾಗ ಒನಕೆ ಹಿಡಿದು ಕಾದು ನಿಂತ ಹೆಣ್ಣುಮಗಳ ಕಥೆ ನಮಗೆ ತೊಟ್ಟಿಲಿನಿಂದಲೂ ಗೊತ್ತು. ಕಿರಿದಾದ ತೂತು, ಒಂದೊಂದಾಗಿ ಹೊರಬರುವ ತಲೆ, ಹೊತ್ತು ನೋಡಿ ಹೊಡೆಯುವ ಕೈ. ನಾನು ಮೂರು ವರ್ಷ ಹಗೇವಿನಲ್ಲಿ ಹುಡುಕಿದ್ದೂ ಅದನ್ನೇ. ಆದರೆ ಐದು ರೂಪಾಯಿ ಕೊಟ್ಟ ಮಗುವಿನ ಕೈಯಲ್ಲಿ ಮನುಷ್ಯರ ತಲೆ ಹೊಡೆಸುವ ಆಟ ನನಗೆ ಬೇಡವಾಗಿತ್ತು. ಕಿಂಡಿಯಲ್ಲಿ ಮೂತಿಯನ್ನು ಅಡ್ಡವಾಗಿ ಇಟ್ಟೆ, ಆಟಗಾರ್ತಿಗೆ ಒನಕೆ ಕೊಟ್ಟೆ. ಆಟದಲ್ಲಿ ಮೂತಿಯನ್ನು ಹೊಡೆಯಲು ಸಾಧ್ಯವಾಗುವುದು ಇದೊಂದೇ ಕಡೆ. ಎಸಳು ಪೂರ್ತಿ ಎದ್ದು ಹಲ್ಲು ಕಂಡ ಮೇಲೆ 8 ಫ್ರೇಮ್ ಮಾತ್ರ ಸಿಗುತ್ತವೆ. ಅದಕ್ಕೂ ಮೊದಲು ಹೊಡೆದರೆ ಒನಕೆ ಎಸಳಿನ ಮೇಲೆ ಜಾರುತ್ತದೆ. ‘ಆ ತಾಯಿಯ ಜಾಗದಲ್ಲಿ ಬಾಳೆಮೂತಿಯೇ?’ ಎಂದು ಹಿರಿಯರೊಬ್ಬರು ಬೇಸರಪಟ್ಟರು. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹಂತದ ಮೊದಲಿಗೆ ಓಬವ್ವನ ಕಥೆಯನ್ನು ಎರಡು ಸಾಲಿನಲ್ಲಿ ಸೇರಿಸಿದೆ. ಅಕ್ಷರಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ: 2023ರ ಮಾರ್ಚ್‌ನಲ್ಲಿ ಗೊಡೊ 4 ಬಂದ ಮೇಲೆ ಒತ್ತಕ್ಷರಗಳು ತಾವಾಗಿಯೇ ಸರಿಯಾಗಿ ಕೂರುತ್ತವೆ. ಅದಕ್ಕೂ ಮೊದಲು ಪ್ರತಿ ಪದವನ್ನೂ ಚಿತ್ರವಾಗಿ ಬರೆದು ಅಂಟಿಸುತ್ತಿದ್ದೆ. ಹಳೆಯ ಆವೃತ್ತಿಯಲ್ಲೇ ಕನ್ನಡಕ್ಕೆ ಒದ್ದಾಡುತ್ತಿರುವವರು ಇವತ್ತೇ ಬದಲಾಯಿಸಿ. ನನಗೆ ಎರಡು ತಿಂಗಳು ಹಿಡಿಯಿತು, ಒಂದು ದಿನವೂ ವ್ಯರ್ಥವಾಗಲಿಲ್ಲ.

ಲೆಕ್ಕ ಕೇಳುವವರಿಗೆ: ಈಗಿನ ಪೆಟ್ಟಿಗೆಯ ಮರ ಮತ್ತು ಬಡಗಿಯ ಕೂಲಿ 7,500, ಕಚೇರಿಯೊಂದು ಮಾರಿದ ಹಳೆಯ ಕಂಪ್ಯೂಟರ್ 4,500, ಹಳೆಯ ಮಾನಿಟರ್ 1,800, ಕೋಲು ಮತ್ತು ಗುಂಡಿಗಳು 1,600. ಮೊದಲಿನ ನಷ್ಟವೂ ಸೇರಿದರೆ 35,000ದ ಆಸುಪಾಸು. ದುಡಿಮೆಯ ಕಾಲು ಭಾಗ ಅಂಗಡಿಯವರಿಗೆ, ಕರೆಂಟು ಅವರದೇ. ಹಬ್ಬದ ಆಚೆ ಶನಿವಾರ ಭಾನುವಾರಗಳಲ್ಲಿ ದಿನಕ್ಕೆ 300ರಿಂದ 400 ಬರುತ್ತದೆ. ಪೆಟ್ಟಿಗೆಯ ಖರ್ಚು ಆಗಲೇ ಹುಟ್ಟಿದೆ, ಹಳೆಯ ನಷ್ಟ ತೀರಲು ಯುಗಾದಿಯವರೆಗೆ ಹೋಗಬೇಕು. ಗುಂಡಿಗಳನ್ನು ಎರಡು ತಿಂಗಳಿಗೊಮ್ಮೆ ಬಿಚ್ಚಿ ಎಣ್ಣೆಯ ಜಿಡ್ಡು ಒರೆಸಬೇಕು. ಇದನ್ನು ಮರೆತರೆ ಜಿಗಿಯುವ ಗುಂಡಿ ಒಂದೆರಡು ಫ್ರೇಮ್ ತಡವಾಗಿ ಬಿಡುಗಡೆಯಾಗುತ್ತದೆ, ಮಕ್ಕಳು ಗಿಡವನ್ನು ಬೈಯುತ್ತಾರೆ.

ಬೆಂಗಳೂರಿನ ಗೆಳೆಯ ಹಬ್ಬದ ಏಳನೆಯ ದಿನ ಬಂದಿದ್ದ. ಸಾಲಿನಲ್ಲಿ ನಿಂತು ನಾಲ್ಕು ಟೋಕನ್ ಆಡಿದ. ಎರಡು ಹಗೇವುಗಳ ನಡುವಿನ ಅಂತರ ಎಷ್ಟೆಂದು ಊಟಕ್ಕೆ ಕೂತಾಗ ಮೂರು ಸಲ ಕೇಳಿದ. ಹೇಳಲಿಲ್ಲ. ಚಿತ್ರದುರ್ಗದಲ್ಲಿ ಇಡಲು ಎರಡನೆಯ ಪೆಟ್ಟಿಗೆಗೆ ಬಡಗಿಗೆ ಮುಂಗಡ ಕೊಟ್ಟಿದ್ದೇನೆ. ಈ ಸಲ ನೀರು ತಡೆಯುವ ಪ್ಲೈವುಡ್, ಹಿಂಬದಿಗೆ ಗಾಳಿಯಾಡಲು ಎರಡು ತೂತು, ಮತ್ತು ಕೋಲನ್ನು ಎರಡು ಇಂಚು ಕೆಳಗೆ ಇಡಲು ಹೇಳಿದ್ದೇನೆ, ಒಂದನೆಯ ತರಗತಿಯ ಮಕ್ಕಳ ಕೈಗೆ ಈಗಿನದು ಎಟುಕುತ್ತಿಲ್ಲ.